ಆರನೇ ನಮೂನೆ

ಮನೆಯಲ್ಲೂ ಓಣಿಯಲ್ಲೂ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡ್ಡಿ ಎಂದೇ. ಮೈಕಟ್ಟು ನೋಡಿ ಇಟ್ಟ ಹೆಸರಿರಬೇಕು ಎಂದು ಹೊರಗಿನವರು ತಿಳಿಯುತ್ತಿದ್ದರು. ನಿಜವಾದ ಕಾರಣ ಬೇರೆ. ಮಾತು ಕಲಿತ ದಿನದಿಂದಲೂ ಅವಳದು ಕಡ್ಡಿ ಮುರಿದಂಥ ಮಾತು. ನೆಂಟರು ತಂದ ಉಡುಗೊರೆಯನ್ನು ಎಲ್ಲರೆದುರು ಬಿಚ್ಚಿ, "ಇದು ಹೋದ ವರ್ಷ ನಾವೇ ನಿಮಗೆ ಕೊಟ್ಟಿದ್ದಲ್ವಾ?" ಎಂದು ಐದನೇ ವಯಸ್ಸಿನಲ್ಲೇ ಕೇಳಿದವಳು. ಅಂಥವಳು ರಾಜ್ಯಶಾಸ್ತ್ರ ಓದುತ್ತೇನೆ ಎಂದಾಗ ಅಮ್ಮ, "ಅದೊಂದು ಬಿಟ್ಟು ಇನ್ನೇನಾದ್ರೂ ಓದೇ ತಾಯಿ. ಅಲ್ಲಿ ಬಾಯಿ ಮುಚ್ಕೊಂಡಿರೋದೇ ವಿದ್ಯೆ" ಎಂದಿದ್ದಳು.

ಮೂರನೇ ವರ್ಷಕ್ಕೆ ಬಂದಾಗ ವಿಶ್ವವಿದ್ಯಾಲಯದವರು 'ರಾಜಧಾನಿ ಸೆಮಿಸ್ಟರ್' ಎಂಬುದನ್ನು ಘೋಷಿಸಿದರು. ವಾರಕ್ಕೆ ನಾಲ್ಕು ದಿನ ಸರ್ಕಾರಿ ಕಚೇರಿಯಲ್ಲಿ ಇಂಟರ್ನ್‌ಶಿಪ್, ಶುಕ್ರವಾರ ಇಡೀ ದಿನ ಸೆಮಿನಾರು, ಎರಡು ಸಂಜೆ ತರಗತಿ, ಕೊನೆಗೆ ಒಂದು ಪ್ರಬಂಧ ಮತ್ತು ಕಚೇರಿಯ ಪ್ರಮಾಣಪತ್ರ. ಕರಪತ್ರದಲ್ಲಿ ಅಮೃತಶಿಲೆಯ ಮೆಟ್ಟಿಲ ಮೇಲೆ ಕೂತ ನಾಲ್ವರು ವಿದ್ಯಾರ್ಥಿಗಳು ಆಕಾಶ ನೋಡಿ ನಗುತ್ತಿದ್ದರು. ಯಾಕೆ ನಗುತ್ತಿದ್ದಾರೆಂದು ಎಲ್ಲೂ ಬರೆದಿರಲಿಲ್ಲ. ಕೆಳಗೆ ಮಾತ್ರ 'ಓದಿಗೆ ಅನುಭವದ ಬಲ, ಅನುಭವಕ್ಕೆ ಓದಿನ ಬಲ' ಎಂದಿತ್ತು. ಮೂರು ತಿಂಗಳ ಮೇಲೆ ಕಡ್ಡಿಗೆ ಗೊತ್ತಾದ ಪ್ರಕಾರ, ಓದಿಗೂ ಅನುಭವಕ್ಕೂ ಇದ್ದದ್ದು ಹಾವು ಮುಂಗುಸಿಯ ಸಂಬಂಧ. ಕಚೇರಿಯಲ್ಲಿ ಪುಸ್ತಕ ತೆರೆದರೆ ಕಣ್ಣು ಕೆಂಪಗಾಗುತ್ತಿತ್ತು, ತರಗತಿಯಲ್ಲಿ ಕಚೇರಿಯ ಮಾತೆತ್ತಿದರೆ ಮುಖ ಕೆಂಪಗಾಗುತ್ತಿತ್ತು.

ಅವಳಿಗೆ ಸಿಕ್ಕಿದ್ದು ಸಾರಿಗೆ ಮಂತ್ರಿಯ ಕಚೇರಿ. ಸುದ್ದಿ ಕೇಳಿ ಅವಳಿಗಿಂತ ಹೆಚ್ಚು ಹಿಗ್ಗಿದವನು ಅಪ್ಪ.

ಅಪ್ಪನದು ಗಡಿಯಾರ ರಿಪೇರಿ ಅಂಗಡಿ, ಊರಿನ ರೈಲ್ವೆ ಗೇಟಿಗೆ ಎದುರಾಗಿಯೇ. ಆ ಗೇಟು ದಿನಕ್ಕೆ ಹದಿನಾಲ್ಕು ಸಲ ಬೀಳುತ್ತಿತ್ತು. ಹಳಿಯ ಈಚೆ ಮನೆಗಳು, ಆಚೆ ಶಾಲೆ ಮತ್ತು ಆಸ್ಪತ್ರೆ. ಅವಸರವಿದ್ದವರು ಕಂಬಿಯ ಕೆಳಗೆ ನುಸುಳುತ್ತಿದ್ದರು. ಹಾಗೆ ನುಸುಳಿದ ಹಾಲಿನವನೊಬ್ಬ ಒಂದು ಕಾಲು ಕಳೆದುಕೊಂಡ. ಅವತ್ತಿನಿಂದ ಅಪ್ಪ ಕಾಲ್ಸೇತುವೆ ಕಟ್ಟಿಸಿಕೊಡಿ ಎಂದು ಮಂತ್ರಿಗೆ ಪತ್ರ ಬರೆಯಲು ಶುರುಮಾಡಿದ. ಗೇಟು ಬಿದ್ದ ಹೊತ್ತು, ಎದ್ದ ಹೊತ್ತನ್ನು ನಿಮಿಷ ಸಮೇತ ಪಟ್ಟಿಮಾಡಿ ಕಳಿಸುತ್ತಿದ್ದ. ಒಂಬತ್ತು ವರ್ಷದಲ್ಲಿ ಇಪ್ಪತ್ತೆರಡು ಪತ್ರ. ಮಂತ್ರಿಗಳು ಎರಡು ಸಲ ಬದಲಾದರು, ಅಪ್ಪ ಬದಲಾಗಲಿಲ್ಲ. ಪ್ರತಿ ಪತ್ರಕ್ಕೂ ಉತ್ತರ ಬರುತ್ತಿತ್ತು, ನೀಲಿ ಶಾಯಿಯ ಸಹಿ ಸಹಿತ. 'ತಮ್ಮ ಕಳಕಳಿ ನನ್ನ ಹೃದಯವನ್ನು ತಟ್ಟಿದೆ' ಎಂದಿದ್ದ ಒಂದನ್ನು ಅಪ್ಪ ಕೌಂಟರಿನ ಗಾಜಿನಡಿ ಇಟ್ಟಿದ್ದ. ಸೆಲ್ ಹಾಕಿಸಲು ಬಂದವರೂ ಅದನ್ನು ಓದದೆ ಹೋಗುವಂತಿರಲಿಲ್ಲ. ಸೇತುವೆ ಬರಲಿಲ್ಲ ನಿಜ, ಆದರೆ ಮಂತ್ರಿಯೊಂದಿಗೆ ಪತ್ರವ್ಯವಹಾರ ಇರುವ ಮನುಷ್ಯ ಎಂದು ಊರಲ್ಲಿ ಅವನಿಗೊಂದು ತೂಕ ಬಂದಿತ್ತು.

"ಅಲ್ಲಿ ನನ್ನ ಹೆಸರು ಎತ್ಬೇಡ," ಎಂದ ಅಪ್ಪ, ಅವಳನ್ನು ಬಸ್ಸು ಹತ್ತಿಸುವಾಗ. "ಮಗಳನ್ನ ಮುಂದಿಟ್ಕೊಂಡು ಕೆಲಸ ಮಾಡಿಸ್ಕೊಂಡ ಅನ್ನಿಸ್ಕೋಬಾರ್ದು."

"ಕೆಲಸ ಆದ್ರೆ ತಾನೇ, ಅಪ್ಪ, ಹಾಗನ್ನಿಸ್ಕೊಳೋದು?"

"ಬಾಯಿ ಬಾಯಿ! ಅಲ್ಲಾದ್ರೂ ಸ್ವಲ್ಪ ಬಿಗಿಹಿಡಿ."

ಮಂತ್ರಿ ಕೂರುವುದು ಐದನೇ ಮಹಡಿಯಲ್ಲಿ. ಕಡ್ಡಿಗೆ ಜಾಗ ಸಿಕ್ಕಿದ್ದು ನೆಲಮಾಳಿಗೆಯ 'ಸಾರ್ವಜನಿಕ ಸ್ಪಂದನ ಘಟಕ'ದಲ್ಲಿ, ಲಿಫ್ಟಿನ ಯಂತ್ರದ ಕೋಣೆಗೆ ಅಂಟಿಕೊಂಡಂತೆ. ಲಿಫ್ಟು ಹೊರಟಾಗಲೆಲ್ಲ ಮೇಜು ಗಡಗಡ ನಡುಗುತ್ತಿತ್ತು. ಯಾರೋ ದೊಡ್ಡವರು ಮೇಲೆ ಹೋಗುತ್ತಿದ್ದಾರೆ ಎಂದು ತಿಳಿಯಲು ಅಷ್ಟು ಸಾಕು. ಅಲ್ಲಿದ್ದದ್ದು ನಾಲ್ಕು ಕಪಾಟು, ಎರಡು ಕಂಪ್ಯೂಟರು, ಮತ್ತು ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತ ಹೆಂಗಸು. ಬೆರಳಚ್ಚು ಯಂತ್ರ ಗುಜರಿಗೆ ಹೋಗಿ ಯಾವ ಕಾಲವಾಗಿದ್ದರೂ ಆಕೆಯನ್ನು ಎಲ್ಲರೂ ಟೈಪಿಸ್ಟ್ ಅಕ್ಕ ಎಂದೇ ಕರೆಯುತ್ತಿದ್ದರು.

"ಕೂತ್ಕೋ," ಎಂದಳು ಟೈಪಿಸ್ಟ್ ಅಕ್ಕ. "ದಿನಕ್ಕೆ ಇನ್ನೂರು ಕಾಗದ ಬರುತ್ತೆ. ಉತ್ತರ ಐದೇ ಇರೋದು. ಒಂದನೇ ನಮೂನೆ, ಪತ್ರ ತಲುಪಿದೆ, ವಂದನೆಗಳು. ಎರಡು, ಸಂಬಂಧಪಟ್ಟ ಇಲಾಖೆಗೆ ಕಳಿಸಿದ್ದೇವೆ. ಮೂರು, ಪರಿಶೀಲನೆಯಲ್ಲಿದೆ. ನಾಲ್ಕು, ಹೃದಯ ತಟ್ಟಿದೆ. ಐದು, ಹುಟ್ಟುಹಬ್ಬ ಮತ್ತು ಸಂತಾಪ. ಅದ್ರಲ್ಲಿ ಮಾತ್ರ ಹುಷಾರು. ಹೋದ ಸಲದ ಹುಡುಗ ಎರಡನ್ನೂ ಅದಲು ಬದಲು ಮಾಡಿ ಕಳಿಸಿಬಿಟ್ಟಿದ್ದ."

"ಹೃದಯ ತಟ್ಟೋದು ಯಾರಿಗೆ ಅಕ್ಕಾ?"

"ಮೂರು ಸಲಕ್ಕಿಂತ ಜಾಸ್ತಿ ಬರೆದೋರಿಗೆ."

"ಸಂಬಂಧಪಟ್ಟ ಇಲಾಖೆಗೆ ನಿಜವಾಗ್ಲೂ ಕಳಿಸ್ತೀವಾ?"

ಟೈಪಿಸ್ಟ್ ಅಕ್ಕ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. ಆಮೇಲೆ ಎದ್ದು ಎರಡನೇ ಕಪಾಟಿನ ಬಾಗಿಲು ತೆರೆದು ತೋರಿಸಿದಳು. "ಇದೇ ಇಲಾಖೆ," ಎಂದಳು.

ಮಂತ್ರಿಯ ಸಹಿ ಒಂದು ಕನ್ನಡಕದ ಡಬ್ಬಿಯಲ್ಲಿತ್ತು. ರಬ್ಬರಿನದು. ನೀಲಿ ಶಾಯಿಯ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಸ್ವಲ್ಪ ಓರೆಯಾಗಿ ಒತ್ತಬೇಕು, ಆಗಲೇ ಕೈಯಾರೆ ಹಾಕಿದಂತೆ ಕಾಣುವುದು. ಆ ಓರೆಯನ್ನು ಕಲಿಯಲು ಕಡ್ಡಿಗೆ ಎರಡು ದಿನ ಹಿಡಿಯಿತು. ಇಡೀ ಸೆಮಿಸ್ಟರಿನಲ್ಲಿ ಅವಳಿಗೆ ಸಿಕ್ಕ ತಾಂತ್ರಿಕ ತರಬೇತಿ ಅದೊಂದೇ.

ಶುಕ್ರವಾರದ ಸೆಮಿನಾರು ನಡೆಸುತ್ತಿದ್ದ ಪ್ರೊಫೆಸರರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಚೌಕಟ್ಟು ಮೇಷ್ಟ್ರು. ಯಾರು ಏನೇ ಹೇಳಲಿ, ಕಣ್ಣು ಅರ್ಧ ಮುಚ್ಚಿ, "ಎಲ್ಲ ಸರಿ, ಇದರ ಸೈದ್ಧಾಂತಿಕ ಚೌಕಟ್ಟು ಎಲ್ಲಿ?" ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೂ ಹೀಗೇ ಕೇಳುತ್ತಾರೆಂದು ಹಿಂದಿನ ಬೆಂಚಿನವರ ಊಹೆ. ಅವರ ಆ ವರ್ಷದ ವಿಷಯ 'ಸ್ಪಂದನಶೀಲ ಆಡಳಿತ'. ಮೊದಲ ವಾರವೇ ಕಡ್ಡಿ ಎದ್ದು ನಿಂತು, ಐದು ನಮೂನೆ, ಎರಡನೇ ಕಪಾಟು, ಕನ್ನಡಕದ ಡಬ್ಬಿ, ಎಲ್ಲವನ್ನೂ ಬಿಚ್ಚಿಟ್ಟಳು. ತರಗತಿ ಗೊಳ್ಳೆಂದಿತು. ಪ್ರೊಫೆಸರರು ನಗಲಿಲ್ಲ.

"ಇದು ಹರಟೆ," ಎಂದರು. "ಪುರಾವೆ ಅಲ್ಲ. ನೀವು ಕಣ್ಣಲ್ಲಿ ಕಂಡದ್ದನ್ನ ಹೇಳ್ತಿದ್ದೀರಿ."

"ಹೌದು ಸರ್, ಕಂಡಿದ್ದನ್ನೇ."

"ಅದೇ ತೊಂದರೆ. ಮೊದಲು ಓದಿ, ಆಮೇಲೆ ಕಾಣಿ."

ಹೀಗೆ ಒಂದು ಕಡೆ ಸ್ಪಂದನದ ಏಳು ಸಿದ್ಧಾಂತಗಳನ್ನು ಓದುತ್ತ, ಇನ್ನೊಂದು ಕಡೆ ದಿನಕ್ಕೆ ಇನ್ನೂರು ಸಲ ಸ್ಪಂದಿಸುತ್ತ ಎರಡು ತಿಂಗಳು ಕಳೆಯಿತು. ಬಸ್ಸಿನಲ್ಲಿ ನಿಂತೇ ಟಿಪ್ಪಣಿ ಓದುವುದು, ಊಟದ ಬಿಡುವಿನಲ್ಲಿ ಪ್ರಬಂಧದ ಅಡಿಟಿಪ್ಪಣಿ ಬರೆಯುವುದು ಅಭ್ಯಾಸವಾಯಿತು. ಕಡ್ಡಿ ಇನ್ನಷ್ಟು ಕಡ್ಡಿಯಾದಳು. ಅಮ್ಮ ಫೋನಿನಲ್ಲಿ, "ಮಂತ್ರಿ ಮನೇಲಿ ಊಟ ಗೀಟ ಹಾಕಲ್ವೇನೇ?" ಎಂದು ಕೇಳುತ್ತಿದ್ದಳು. ಮಂತ್ರಿಯ ಮುಖವನ್ನು ಅವಳು ಅಷ್ಟರಲ್ಲಿ ಕಂಡದ್ದು ಒಮ್ಮೆ ಮಾತ್ರ, ಅದೂ ಕ್ಯಾಲೆಂಡರಿನಲ್ಲಿ.

ಆಮೇಲೆ ಒಂದು ಮಂಗಳವಾರ ಅಪ್ಪನ ಇಪ್ಪತ್ತಮೂರನೇ ಪತ್ರ ಬಂತು.

ಕವರಿನ ಮೇಲಿನ ಅಕ್ಷರ ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು. ಗಡಿಯಾರದೊಳಗಿನ ತಿರುಪಿನಷ್ಟೇ ಸಣ್ಣ, ನೀಟಾದ ಅಕ್ಷರ. ಟೈಪಿಸ್ಟ್ ಅಕ್ಕ ಬಗ್ಗಿ ನೋಡಿದಳು.

"ಓ, ಗಡಿಯಾರದವರು! ಹಳೇ ಗಿರಾಕಿ. ಕಣ್ಣು ಮುಚ್ಕೊಂಡು ನಾಲ್ಕನೇದು ಹಾಕು. ಪಾಪ, ಬಹಳ ಮರ್ಯಾದಸ್ಥ. ಒಂದು ಸಲ ನಮ್ಮ ಹುಡುಗರು ಹೃದಯ ಅನ್ನೋ ಕಡೆ ಕಾಗುಣಿತ ತಪ್ಪಿ ಬರೆದಿದ್ರು. ಅದನ್ನ ತಿದ್ದಿ, ಕ್ಷಮಿಸಿ ಅಂತ ಬರೆದು ವಾಪಸ್ ಕಳಿಸಿದ್ರು."

ಕಡ್ಡಿ ಪತ್ರ ತೆರೆದಳು. ಎಂಟು ಗಂಟೆ ಐವತ್ತೆರಡಕ್ಕೆ ಬಿದ್ದ ಗೇಟು ಒಂಬತ್ತು ಹನ್ನೊಂದಕ್ಕೆ ಎದ್ದಿತು. ಒಂಬತ್ತು ನಲವತ್ತಕ್ಕೆ ಬಿದ್ದದ್ದು ಒಂಬತ್ತು ಐವತ್ತೇಳಕ್ಕೆ. ಹೀಗೆ ಎರಡು ಪುಟ. ಕೊನೆಯಲ್ಲಿ, 'ತಮಗಿರುವ ಕೆಲಸದ ಒತ್ತಡದ ನಡುವೆಯೂ ತಾವು ನನ್ನ ಪತ್ರಗಳನ್ನು ಸ್ವತಃ ಓದುತ್ತಿರುವುದಕ್ಕೆ ಊರಿನವರೆಲ್ಲರ ಪರವಾಗಿ ಕೃತಜ್ಞತೆಗಳು' ಎಂದಿತ್ತು.

ಅವಳು ನಾಲ್ಕನೇ ನಮೂನೆ ತೆರೆದಳು, ಮುಚ್ಚಿದಳು. ನೀರು ಕುಡಿದು ಬಂದಳು. ಅವತ್ತು ಸಂಜೆ ಪ್ರಬಂಧದ ಕರಡು ಕೊಡಬೇಕಿತ್ತು, ಅದರಲ್ಲಿ ಏಳು ಸಿದ್ಧಾಂತಕ್ಕೆ ಇನ್ನೂ ನಾಲ್ಕೇ ಆಗಿದ್ದವು. ಲಿಫ್ಟು ಹೊರಟಿತು, ಮೇಜು ನಡುಗಿತು. ಟೈಪಿಸ್ಟ್ ಅಕ್ಕ ಚಹಾಕ್ಕೆ ಎದ್ದುಹೋದ ಹೊತ್ತು ನೋಡಿ ಅವಳು ಖಾಲಿ ಪುಟ ತೆರೆದು ಬರೆದಳು:

'ಮಾನ್ಯರೇ, ತಮ್ಮ ಇಪ್ಪತ್ತಮೂರನೇ ಪತ್ರ ತಲುಪಿದೆ. ಹಿಂದಿನ ಇಪ್ಪತ್ತೆರಡೂ ತಲುಪಿದ್ದವು. ಅವುಗಳಲ್ಲಿ ಒಂದನ್ನೂ ನಾನು ಓದಿಲ್ಲ. ಅವೆಲ್ಲ ನೆಲಮಾಳಿಗೆಯ ಒಂದು ಕಪಾಟಿನಲ್ಲಿವೆ. ತಮ್ಮ ಸೇತುವೆಗೆ ಇಲ್ಲಿ ಕಡತವೇ ಇಲ್ಲ. ಆದ್ದರಿಂದ ಅದು ಪರಿಶೀಲನೆಯಲ್ಲಿದೆ ಎಂದು ಬರೆದದ್ದು ಸುಳ್ಳು. ತಮ್ಮ ಕಳಕಳಿ ನನ್ನ ಹೃದಯವನ್ನು ತಟ್ಟಿಲ್ಲ, ಏಕೆಂದರೆ ಅದು ಐದನೇ ಮಹಡಿಯವರೆಗೆ ಬಂದೇ ಇಲ್ಲ. ತಾವು ಕಳಿಸಿದ ಸಮಯಗಳನ್ನು ಯಾರಾದರೂ ಕೂಡಿ ನೋಡಿದ್ದರೆ, ದಿನಕ್ಕೆ ಮೂರು ಗಂಟೆ ನಲವತ್ತು ನಿಮಿಷ ಒಂದು ಊರು ಕಂಬಿಯ ಮುಂದೆ ನಿಂತಿರುತ್ತದೆ ಎಂದು ತಿಳಿಯುತ್ತಿತ್ತು. ಯಾರೂ ಕೂಡಿ ನೋಡಲಿಲ್ಲ. ಕ್ಷಮಿಸಿ.'

ಡಬ್ಬಿ ತೆಗೆದು ಸಹಿ ಒತ್ತಿದಳು, ಓರೆಯಾಗಿ. ಆ ಓರೆ ಯಾವತ್ತೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಕವರು ಅಂಚೆಯ ಚೀಲಕ್ಕೆ ಬಿತ್ತು. ಬಿದ್ದ ಮೇಲೆ ಅಪ್ಪನ ಕೌಂಟರಿನ ಗಾಜು ನೆನಪಾಗಿ ಅವಳು ಅದನ್ನು ವಾಪಸ್ ತೆಗೆಯಲು ಹೋದಳು. ಆದರೆ ಚೀಲಕ್ಕೆ ಬೀಗ ಬಿದ್ದಿತ್ತು.

ನಾಲ್ಕು ದಿನ ಊರಿನಿಂದ ಫೋನೇ ಇಲ್ಲ. ಐದನೇ ದಿನ ಅವಳೇ ಮಾಡಿದಾಗ ಅಮ್ಮ, "ನಿಮ್ಮಪ್ಪನ್ನ ಹಿಡಿಯೋರಿಲ್ಲ ಕಣೇ. ಮಂತ್ರಿ ಏನೋ ಬರೆದಿದಾನಂತೆ, ಪೇಪರ್ ಆಫೀಸಿಗೆ ಹೋಗಿದಾರೆ" ಎಂದಳು. ಆರನೇ ದಿನ ಊರಿನ ಪತ್ರಿಕೆಯಲ್ಲಿ ಕಾಗದದ ಫೋಟೋ ಬಂತು. ಎಂಟನೇ ದಿನ ರಾಜಧಾನಿಯ ಪತ್ರಿಕೆಗಳಲ್ಲಿ ಬಂತು. ಒಂಬತ್ತನೇ ದಿನ ಮಂತ್ರಿಯ ಆಪ್ತ ಕಾರ್ಯದರ್ಶಿ ನೆಲಮಾಳಿಗೆಗೆ ಇಳಿದು ಬಂದ. ಟೈಪಿಸ್ಟ್ ಅಕ್ಕನ ಹತ್ತೊಂಬತ್ತು ವರ್ಷದಲ್ಲಿ ಹಾಗೆ ಯಾರೂ ಇಳಿದಿರಲಿಲ್ಲ.

"ಯಾರು?" ಎಂದ ಅವನು. ಕೈಯಲ್ಲಿ ಪತ್ರಿಕೆ ಇತ್ತು, ಕುತ್ತಿಗೆಯ ನರ ಹೊರಗೆ ಬಂದಿತ್ತು.

"ನಾನು ಸರ್," ಎಂದಳು ಕಡ್ಡಿ.

"ಮಂತ್ರಿಗಳ ಸಹಿ ದುರುಪಯೋಗ! ಪೊಲೀಸರಿಗೆ ಕೊಡ್ಬಹುದು ನಿನ್ನ, ಗೊತ್ತಾ?"

"ದಿನಾ ಇನ್ನೂರು ಸಲ ಹಾಕ್ತಿದ್ದೆ ಸರ್. ಈ ಸಲ ಮಾತ್ರ ದುರುಪಯೋಗ ಹೇಗಾಯ್ತು?"

ಟೈಪಿಸ್ಟ್ ಅಕ್ಕ ಕೆಮ್ಮಿದಳು. ಕಾರ್ಯದರ್ಶಿಯ ಬಾಯಿ ತೆರೆಯಿತು. ಅದರಿಂದ ಏನು ಬರುತ್ತಿತ್ತೋ ದೇವರೇ ಬಲ್ಲ, ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಂತ್ರಿಯದೇ. ಕಾರ್ಯದರ್ಶಿ ಅಟೆನ್ಷನ್ನಿನಲ್ಲಿ ನಿಂತ. "ಹೌದು ಸರ್... ನೋಡಿದೆ ಸರ್... ಟೀವೀಲೂ ಬಂತಾ ಸರ್?... ಪ್ರಾಮಾಣಿಕ ಮಂತ್ರಿ ಅಂತಲಾ?... ಖಂಡಿತ ಸರ್, ತಾವೇ ಬರೆದದ್ದು ಸರ್, ನಾನೇ ಪಕ್ಕದಲ್ಲಿ ನಿಂತಿದ್ದೆ ಸರ್." ಫೋನು ಕಿಸೆಗೆ ಹೋಗುವ ಹೊತ್ತಿಗೆ ಕುತ್ತಿಗೆಯ ನರ ತನ್ನ ಜಾಗಕ್ಕೆ ಮರಳಿತ್ತು.

"ಭಾಷೆ ಚೆನ್ನಾಗಿದೆ ನಿನ್ನದು," ಎಂದ ಅವನು, ಕುರ್ಚಿ ಎಳೆದು ಕೂರುತ್ತ. "ಇದನ್ನೇ ಒಂದು ನಮೂನೆ ಮಾಡು. ಹೆಸರು, ಊರು, ಬೇಡಿಕೆ, ಎಷ್ಟು ಪತ್ರ ಅನ್ನೋ ಕಡೆ ಖಾಲಿ ಬಿಡು. ಕೊನೇಲಿ ಆ ಕ್ಷಮಿಸಿ ಇದೆಯಲ್ಲ, ಅದು ಇರ್ಲಿ. ಅದಕ್ಕೇ ಜನ ಅತ್ತಿದ್ದು."

ತನ್ನ ಪ್ರಮಾಣಪತ್ರಕ್ಕೆ ಇವನ ಸಹಿ ಬೇಕು ಎಂದು ಕಡ್ಡಿಗೆ ಗೊತ್ತಿತ್ತು. ಈ ಸಹಿ ರಬ್ಬರಿನದೂ ಅಲ್ಲ. ಅವಳು ಕೂತು ಖಾಲಿ ಜಾಗ ಬಿಟ್ಟಳು. 'ತಮ್ಮ ____ನೇ ಪತ್ರ ತಲುಪಿದೆ. ತಮ್ಮ ____ಗೆ ಇಲ್ಲಿ ಕಡತವೇ ಇಲ್ಲ.' ಆ ವಾರ ಎಂಟುನೂರು ಕಾಗದ ಹೋದವು. ಯಾರ ಪತ್ರವನ್ನೂ ಓದದೆ, ನಿಮ್ಮ ಪತ್ರ ಓದಿಲ್ಲ ಎಂದು ಬರೆಯುವ ಕೆಲಸ. ಅವಳ ಜೀವಮಾನದಲ್ಲಿ ಮೊದಲ ಸಲ, ಹೇಳುವ ಮಾತು ನಿಜವಾಗಿದ್ದೂ ಹೇಳಲು ನಾಚಿಕೆಯಾಯಿತು.

"ಹತ್ತೊಂಬತ್ತು ವರ್ಷದಲ್ಲಿ ಈ ವೇಗದಲ್ಲಿ ಸತ್ಯ ಹೊಡೆದಿರ್ಲಿಲ್ಲಪ್ಪ," ಎಂದಳು ಟೈಪಿಸ್ಟ್ ಅಕ್ಕ, ಬೆರಳು ನೀವಿಕೊಳ್ಳುತ್ತ.

ಶುಕ್ರವಾರ ಪ್ರೊಫೆಸರರು ಪತ್ರಿಕೆ ಹಿಡಿದೇ ತರಗತಿಗೆ ಬಂದರು. ಈ ಪತ್ರ ಆಡಳಿತ ಚಿಂತನೆಯಲ್ಲೇ ಒಂದು ತಿರುವು, ಇದರ ಮೇಲೆ ತಾವೊಂದು ಸಮ್ಮೇಳನದಲ್ಲಿ ಮಾತಾಡಲಿದ್ದೇವೆ ಎಂದರು. ಕಡ್ಡಿಗೆ ತಡೆಯಲಾಗಲಿಲ್ಲ. ತರಗತಿ ಮುಗಿದ ಮೇಲೆ ಹೋಗಿ, "ಸರ್, ಅದನ್ನ ಬರೆದದ್ದು ನಾನು" ಎಂದಳು.

ಪ್ರೊಫೆಸರರು ಕಣ್ಣು ಅರ್ಧ ಮುಚ್ಚಿದರು. "ಆಧಾರ?"

"ನಾನೇ ಸರ್ ಆಧಾರ."

"ಪತ್ರದ ಕೆಳಗೆ ಮಂತ್ರಿಗಳ ಸಹಿ ಇದೆ," ಎಂದರು ಅವರು, ಮಗುವಿಗೆ ಹೇಳುವಂತೆ. "ನಿಮ್ಮ ಪ್ರಬಂಧದ ಐದನೇ ಸಿದ್ಧಾಂತ ಇನ್ನೂ ಬಂದಿಲ್ಲ. ಅದರ ಕಡೆ ಗಮನ ಕೊಡಿ."

ಇಷ್ಟರಲ್ಲಿ ಮಂತ್ರಿ 'ನೇರ ಮಾತು' ಎಂಬ ಕಾರ್ಯಕ್ರಮ ಇಟ್ಟುಕೊಂಡ. ಪತ್ರ ಪಡೆದ ಗಡಿಯಾರದವನಿಗೆ ವೇದಿಕೆಯ ಮೇಲೆ ಹೂಗುಚ್ಛ, ಫೋಟೋ, ಎರಡು ಮಾತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕಡ್ಡಿ ಹಿಂದಿನ ಸಾಲಿನಲ್ಲಿ ಉಗುರು ಕಚ್ಚುತ್ತ ಕೂತಿದ್ದಳು. ಅಪ್ಪ ಕೃತಜ್ಞತೆಯಲ್ಲಿ ಕರಗಿಹೋಗುತ್ತಾನೆ, ತಾನದನ್ನು ನೋಡಬೇಕು, ಎಂಬ ಸಂಕಟ ಅವಳಿಗೆ.

ಅಪ್ಪ ಹೂಗುಚ್ಛವನ್ನು ಪಕ್ಕದವನ ಕೈಗೆ ಕೊಟ್ಟು ಮೈಕಿನ ಮುಂದೆ ನಿಂತ. "ನನ್ನದು ಎರಡು ಮಾತಲ್ಲ, ಒಂದೇ ಮಾತು. ಯಾವಾಗ?"

ಸಭೆ ನಕ್ಕಿತು. ಮಂತ್ರಿಯೂ ನಕ್ಕ. "ಶೀಘ್ರದಲ್ಲೇ, ಯಜಮಾನರೇ, ಶೀಘ್ರದಲ್ಲೇ."

"ನಾನು ಗಡಿಯಾರದವನು ಸ್ವಾಮಿ. ನಲವತ್ತು ವರ್ಷ ಆಯ್ತು, ಶೀಘ್ರ ಅನ್ನೋ ಗಂಟೆ ತೋರಿಸೋ ಮುಳ್ಳನ್ನ ನಾನಿನ್ನೂ ನೋಡಿಲ್ಲ. ಕಡತವೇ ಇಲ್ಲ ಅಂತ ತಾವೇ ಬರೆದಿದ್ದೀರಿ. ಇಷ್ಟು ನಿಜ ಹೇಳೋ ದೊಡ್ಡವರು ತಾರೀಕನ್ನೂ ನಿಜವಾಗೇ ಹೇಳ್ತೀರಿ ಅಂತ ನಂಬಿ ಬಂದಿದೀನಿ."

ಸಾಲಾಗಿ ನಿಂತ ಕ್ಯಾಮೆರಾಗಳು ಮಂತ್ರಿಯ ಕಡೆ ತಿರುಗಿದವು. ಮಂತ್ರಿ ಕಾರ್ಯದರ್ಶಿಯನ್ನು ನೋಡಿದ. ಕಾರ್ಯದರ್ಶಿ ಚಾವಣಿಯನ್ನು ನೋಡಿದ. "ಮುಂದಿನ ತಿಂಗಳ ಮೊದಲನೇ ಸೋಮವಾರ ಅಳತೆಗೆ ಜನ ಬರ್ತಾರೆ," ಎಂದ ಮಂತ್ರಿ ಕೊನೆಗೆ.

ಅಪ್ಪ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ಆಮೇಲೆ ತಲೆಯೆತ್ತಿ, "ಎಷ್ಟು ಗಂಟೆಗೆ?" ಎಂದ.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಎದುರುಬದುರು ಕೂತರು. ಕಡ್ಡಿ ಎರಡು ಚಹಾ ಹೇಳಿದಳು. "ಅಪ್ಪ, ಆ ಕಾಗದ... ಅದನ್ನ ಬರೆದದ್ದು ಮಂತ್ರಿ ಅಲ್ಲ."

"ಗೊತ್ತು," ಎಂದ ಅಪ್ಪ, ಚಹಾ ಆರಿಸುತ್ತ.

"ಏನ್ ಗೊತ್ತು?"

"ಮೂರು ಗಂಟೆ ನಲವತ್ತು ನಿಮಿಷ. ಲೋಕದಲ್ಲಿ ಆ ಲೆಕ್ಕ ಗೊತ್ತಿದ್ದದ್ದು ಇಬ್ರಿಗೆ. ನೀನು ಆರನೇ ಕ್ಲಾಸಲ್ಲಿದ್ದಾಗ ಅಂಗಡೀಲಿ ಕೂತು ಕೂಡಿ ಹೇಳಿದ್ದೆ. ನಾನು ಯಾವ ಕಾಗದದಲ್ಲೂ ಮೊತ್ತ ಬರೆದೇ ಇಲ್ಲ. ಓದೋರು ಅಷ್ಟಾದ್ರೂ ಕೂಡ್ಲಿ ಅಂತ ಬಿಟ್ಟಿದ್ದೆ."

ಕಡ್ಡಿ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿ ಮುಂದೆ ಬಾಗಿದಳು.

"ಮತ್ತೆ ಪೇಪರ್‌ಗೆ ಯಾಕೆ ಕೊಟ್ರಿ?"

"ನನ್ನ ಮಗಳು ಹೀಗಂದ್ಲು ಅಂದ್ರೆ ಯಾರೇ ಅಚ್ಚು ಹಾಕ್ತಾರೆ? ಮಂತ್ರಿ ಅಂದ ಅಂದ್ರೆ ಹಾಕ್ತಾರೆ." ಅಪ್ಪ ಲೋಟ ಕೆಳಗಿಟ್ಟ. "ಆದ್ರೂ ಮೊದಲನೇ ದಿನ ಓದಿದಾಗ ಅಂಗಡಿ ಬಾಗಿಲು ಹಾಕ್ಕೊಂಡು ಕೂತಿದ್ದೆ. ಒಂಬತ್ತು ವರ್ಷ ಯಾವನೋ ಓದ್ತಿದಾನೆ ಅಂತ ತಿಳ್ಕೊಂಡು ಬರೀತಿದ್ನಲ್ಲ ಅಂತ" ಎಂದ. ಅವಳು ಅಪ್ಪನ ಕೈಯನ್ನು ನೋಡಿದಳು. ಕೂದಲೆಳೆಯ ಸ್ಪ್ರಿಂಗನ್ನೂ ನಡುಗದೆ ಕೂರಿಸುವ ಕೈ ಈಗ ಮೇಜಿನ ಅಂಚನ್ನು ಸವರುತ್ತಿತ್ತು. ಬಸ್ಸು ಬಂದಾಗ ಈ ಸಲ ಅಪ್ಪನನ್ನು ಹತ್ತಿಸಿದವಳು ಅವಳು.

ಆರನೇ ನಮೂನೆಯ ಆಯಸ್ಸು ಐದೇ ವಾರ. ಹೃದಯ ತಟ್ಟಿಸಿಕೊಂಡ ಜನ ಸುಮ್ಮನಿರುತ್ತಿದ್ದರು. ಕ್ಷಮೆ ಕೇಳಿಸಿಕೊಂಡ ಜನ, 'ಆಗಲಿ, ಕ್ಷಮಿಸಿದ್ದೇವೆ, ಈಗ ಓದಿ' ಎಂದು ಮತ್ತೆ ಬರೆದರು. ಇನ್ನೂರು ಇದ್ದ ಕಾಗದ ಎರಡು ಸಾವಿರವಾಯಿತು. ಚೀಲಗಳು ಲಿಫ್ಟಿನ ಯಂತ್ರದ ಕೋಣೆಯವರೆಗೂ ಹರಡಿ, ಒಂದು ದಿನ ಲಿಫ್ಟೇ ನಿಂತು, ಮಂತ್ರಿ ಐದು ಮಹಡಿ ನಡೆದು ಹತ್ತಬೇಕಾಯಿತು. ಅಂದು ಸಂಜೆಯೇ ಪ್ರಾಮಾಣಿಕತೆಯನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಯಿತು.

ಕಡ್ಡಿಗೆ ಪ್ರಮಾಣಪತ್ರ ಸಿಕ್ಕಿತು. 'ಶ್ರಮಜೀವಿ. ಸ್ವಂತ ಬುದ್ಧಿ ಉಪಯೋಗಿಸುವ ಅಭ್ಯಾಸವಿದೆ. ತಿದ್ದಿಕೊಂಡರೆ ಉಜ್ವಲ ಭವಿಷ್ಯವಿದೆ.' ಪ್ರಬಂಧಕ್ಕೆ ನೂರಕ್ಕೆ ಐವತ್ತೆರಡು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಷರಾ: 'ಲೇಖಕಿಗೆ ಕಚೇರಿಯ ಒಳಹೊರಗಿನ ಪರಿಚಯ ಸಾಲದು.'

ಅಳತೆಯವರು ಹೇಳಿದ ಸೋಮವಾರವೇ ಬಂದರು. ಅಪ್ಪನ ಪ್ರಕಾರ ಇಪ್ಪತ್ತಾರು ನಿಮಿಷ ತಡವಾಗಿ. ವರ್ಷ ತಿರುಗುವುದರೊಳಗೆ ಹಳಿಯ ಮೇಲೆ ಸೇತುವೆಯೂ ಬಂತು, ಈಚೆ ದಡದಲ್ಲಿ ಮೆಟ್ಟಿಲೂ ಬಂತು. ಆಚೆ ದಡದ ನೆಲ ಬೇರೆ ಇಲಾಖೆಯದು ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಮೆಟ್ಟಿಲು ಇಲ್ಲ. ಸಂಜೆಯ ಹೊತ್ತು ಊರಿನವರು ಮಕ್ಕಳನ್ನು ಕರೆದುಕೊಂಡು ಹತ್ತುತ್ತಾರೆ, ತುದಿಯವರೆಗೆ ಹೋಗುತ್ತಾರೆ, ತಂಗಾಳಿಯಲ್ಲಿ ನಿಂತು ಕೆಳಗೆ ಹೋಗುವ ರೈಲು ನೋಡಿ, ಹತ್ತಿದ ಕಡೆಯಿಂದಲೇ ಇಳಿದು, ಗೇಟು ಏಳುವುದನ್ನು ಕಾಯುತ್ತಾರೆ. ಆ ಇನ್ನೊಂದು ಇಲಾಖೆಯ ಮಂತ್ರಿ ಯಾರೆಂದು ಅಪ್ಪ ಈಗಾಗಲೇ ಕೇಳಿ ತಿಳಿದುಕೊಂಡಿದ್ದಾನೆ.